ತೋಳಪ್ಪ ಕಲಿತ ಕೈಗುಣ

ನಮ್ಮ ಭಾವನ ಬಗ್ಗೆ ನಾನು ನಾಲ್ಕು ಒಳ್ಳೆಯ ಮಾತಾಡಿದರೆ ನಮ್ಮ ಅಕ್ಕನೇ ನಂಬುವುದಿಲ್ಲ. "ಜ್ವರ ಗಿರ ಬಂದಿದ್ಯೇನೋ?" ಎಂದು ಹಣೆ ಮುಟ್ಟಿ ನೋಡುತ್ತಾಳೆ. ಅವಳ ತಪ್ಪಲ್ಲ. ಅವಳ ಮದುವೆಯಾದ ದಿನದಿಂದಲೂ ನನಗೂ ಭಾವನಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಹಾಗಿರುವಾಗ ಅವರ ಕಥೆ ಹೇಳಲು ನನಗಿಂತ ಯೋಗ್ಯ ಮನುಷ್ಯ ಇನ್ನೊಬ್ಬನಿಲ್ಲ. ಅವರನ್ನು ಕಂಡರೆ ಪ್ರೀತಿ ಇರುವವರು ಅವರನ್ನು ಇಷ್ಟು ಗಮನವಿಟ್ಟು ನೋಡಿರಲಾರರು.

ನಾವಿಬ್ಬರೂ ಒಂದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರು. ಕಬ್ಬಿಣದ ಕುರ್ಚಿ, ಬೀರು, ಆಸ್ಪತ್ರೆಯ ಮಂಚ, ಶಾಲೆಯ ಬೆಂಚು ತಯಾರಾಗುವ ಫ್ಯಾಕ್ಟರಿ ಅದು. ಉದ್ದನೆಯ ಒಂದೇ ಶೆಡ್ಡು. ಆ ತುದಿಯಲ್ಲಿ ಕಬ್ಬಿಣ ಕತ್ತರಿಸಿ, ಬಗ್ಗಿಸಿ, ವೆಲ್ಡಿಂಗ್ ಮಾಡುತ್ತಾರೆ. ಆಮೇಲೆ ಸಾಮಾನನ್ನೆಲ್ಲ ಸೂರಿನಿಂದ ಇಳಿಬಿದ್ದ ಕೊಕ್ಕೆಗಳಿಗೆ ನೇತುಹಾಕುತ್ತಾರೆ. ಕೊಕ್ಕೆಗಳು ಸರಪಳಿಯ ಮೇಲೆ ನಿಧಾನವಾಗಿ ತೆವಳುತ್ತಾ ಶೆಡ್ಡಿನ ನಡುವಿನ ಗಾಜಿನ ಕೋಣೆಯೊಳಗೆ ಹೋಗುತ್ತವೆ. ಅದು ಪೇಂಟ್ ಬೂತ್. ಅಲ್ಲಿ ಬಣ್ಣ ಹೊಡೆಸಿಕೊಂಡು, ದೊಡ್ಡ ಒಲೆಯ ಮೂಲಕ ಹಾದು, ಒಣಗಿ, ಈ ತುದಿಗೆ ಪ್ಯಾಕಿಂಗಿಗೆ ಬರುತ್ತವೆ. ಬೂತಿನಲ್ಲಿ ಭಾವ ಮೇಸ್ತ್ರಿ, ಪ್ಯಾಕಿಂಗಿನಲ್ಲಿ ನಾನು ಮೇಸ್ತ್ರಿ. ಅಂದರೆ ಅವರು ಮಾಡಿದ್ದನ್ನೆಲ್ಲ ಕಡೆಗೆ ನಾನು ಸುತ್ತಿ ಕಟ್ಟಬೇಕು. ನಮ್ಮ ಸಂಬಂಧದ ಕಷ್ಟವೆಲ್ಲ ಇದರಲ್ಲೇ ಇದೆ.

ಕೈಗುಣ ಅಂತ ಒಂದು ಮಾತಿದೆಯಲ್ಲ. ಅದು ಅಡುಗೆಯವರಿಗಿರುತ್ತದೆ, ಡಾಕ್ಟರಿಗಿರುತ್ತದೆ, ಗಿಡ ನೆಡುವವರಿಗಿರುತ್ತದೆ. ಬಣ್ಣ ಹೊಡೆಯುವವರಿಗೂ ಇರುತ್ತದೆ ಎಂದು ಕಂಡುಹಿಡಿದವರು ನಮ್ಮ ಭಾವ, ಅದೂ ತಮ್ಮ ವಿಷಯದಲ್ಲಿ. ಯಾರಾದರೂ "ಈ ಬೀರು ಎಷ್ಟು ಚೆನ್ನಾಗಿ ಬಂದಿದೆ" ಅಂದರೆ ಸಾಕು, ತಮ್ಮ ಬಲಗೈಯನ್ನು ಮುಂದೆ ಚಾಚಿ, ಬೇರೆ ಯಾರದೋ ಕೈ ಎಂಬಂತೆ ಅದನ್ನೇ ನೋಡುತ್ತಾ, "ಕೈಗುಣ ಸ್ವಾಮಿ, ಕೈಗುಣ. ಕಲಿಸಿದ್ರೆ ಬರಲ್ಲ" ಎನ್ನುತ್ತಿದ್ದರು. ಬಣ್ಣ ಸೋರಿ ಇಳಿದಿದ್ದರೆ ಮಾತ್ರ ಅದು ಬಣ್ಣ ತೆಳುಮಾಡುವ ತಿನ್ನರಿನ ದೋಷ. ಫ್ಯಾಕ್ಟರಿಯಲ್ಲಿ ಅವರ ಹೆಸರೇ ಕೈಗುಣ ಮೇಸ್ತ್ರಿ ಎಂದಾಗಿತ್ತು. ಮೊದಲು ತಮಾಷೆಗೆ ಕರೆದದ್ದು, ಅವರು ಖುಷಿಯಿಂದ ಓಗೊಟ್ಟದ್ದರಿಂದ ಹಾಗೇ ಉಳಿದುಬಿಟ್ಟಿತು.

ನನಗೆ ಅವರು ಇಟ್ಟ ಹೆಸರು ಕಾಗದ.

"ಲೋ ಕಾಗದ, ಅದೂ ಒಂದು ಕೆಲ್ಸವೇನೋ? ಸುತ್ತೋದು, ಕಟ್ಟೋದು. ಮನೇಲಿ ನಿಮ್ಮಕ್ಕ ಹರಿದ ದಿಂಬಿಗೆ ದಿನಾ ಮಾಡ್ತಾಳೆ." ಊಟದ ಮೇಜಿನ ಮುಂದೆ, ನೆಂಟರಿಷ್ಟರ ಎದುರಿಗೆ, ನನ್ನ ಹೆಂಡತಿಯ ತವರಿನವರು ಬಂದಾಗಂತೂ ತಪ್ಪದೆ, ಈ ಮಾತು ಬಂದೇ ಬರುತ್ತಿತ್ತು. ರಟ್ಟು ಮಡಿಸುವುದರಲ್ಲಿ, ಮೂಲೆಗೆ ಒತ್ತು ಕೊಡುವುದರಲ್ಲಿ, ಲಾರಿಯ ಕುಲುಕಿಗೂ ಸಡಿಲವಾಗದಂತೆ ಹುರಿಗೆ ಗಂಟು ಹಾಕುವುದರಲ್ಲಿ ಎಷ್ಟು ಕಸುಬಿದೆ ಎಂದು ಈ ಮನುಷ್ಯನಿಗೆ ಹೇಗೆ ಹೇಳುವುದು? ನಾನು ಗಂಟು ಹಾಕುವಾಗ ನನ್ನ ಕೈಕೆಳಗಿನವರು ಮಾಡುತ್ತಿರುವ ಕೆಲಸ ಬಿಟ್ಟು, ತುಟಿಯಂಚಿನಲ್ಲಿ ಒಂದು ಮುಗುಳ್ನಗೆಯೊಂದಿಗೆ ನನ್ನನ್ನೇ ನೋಡುತ್ತಾರೆ. ಗೌರವ ಅಂದರೆ ಅದು. ಭಾವನಿಗೆ ಅದೆಲ್ಲ ಅರ್ಥವಾಗುವ ಪೈಕಿ ಅಲ್ಲ.

ಭಾವನಿಗೆ ಇನ್ನೊಂದು ಅಭ್ಯಾಸವಿತ್ತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಕಥೆಯೆಲ್ಲ ಅದರ ಮೇಲೇ ನಿಂತಿದೆ. ಪೇಂಟ್ ಬೂತಿನಲ್ಲಿ ಬೆಲ್ಟು ಹಾಕುವಂತಿಲ್ಲ. ಬೆಲ್ಟಿನ ಬಕಲ್ ತಾಗಿ ಹಸಿ ಬಣ್ಣದ ಮೇಲೆ ಗೀರು ಬಿದ್ದರೆ ಆ ಬೀರುವನ್ನು ಉಜ್ಜಿ ಮತ್ತೆ ಮೊದಲಿಂದ ಶುರು ಮಾಡಬೇಕು. ಆದ್ದರಿಂದ ಅಲ್ಲಿಯವರಿಗೆಲ್ಲ ಎಲಾಸ್ಟಿಕ್ ಪ್ಯಾಂಟು. ಎಲಾಸ್ಟಿಕ್ಕೋ, ತಿನ್ನರಿನಲ್ಲಿ ನೆನೆದು ನೆನೆದು ಬಲುಬೇಗ ಕೈಕೊಡುತ್ತದೆ. ಜಾರುವ ಪ್ಯಾಂಟನ್ನು ಕೈಯಿಂದ ಎಳೆದುಕೊಳ್ಳೋಣವೆಂದರೆ ಗ್ಲೌಸಿನ ತುಂಬ ಬಣ್ಣ. ಹಾಗಾಗಿ ಭಾವ ಒಂದೊಂದು ಸಾಮಾನು ಮುಗಿದಾಗಲೂ ಎರಡೂ ಮೊಣಕೈಗಳನ್ನು ಸೊಂಟಕ್ಕೆ ಒತ್ತಿ, ಕೊಂಚ ಕುಸಿದು, ಪ್ಯಾಂಟನ್ನು ಅಕ್ಕಪಕ್ಕದಿಂದ ಅವುಚಿ ಹಿಡಿದು, ಚಕ್ಕನೆ ಒಂದು ಸಣ್ಣ ನೆಗೆತದೊಂದಿಗೆ ಮೇಲಕ್ಕೆತ್ತಿಕೊಳ್ಳುತ್ತಿದ್ದರು. ಹಿಂದಿನಿಂದ ನೋಡಿದರೆ, ಹಾರಲು ಹೊರಟು ಮನಸ್ಸು ಬದಲಾಯಿಸಿದ ಕೋಳಿಯ ಹಾಗೆ ಕಾಣುತ್ತಿದ್ದರು. ವರ್ಷಗಟ್ಟಲೆ ಮಾಡಿ ಅದು ಅವರಿಗೆ ಉಸಿರಾಟದಷ್ಟೇ ಸಹಜವಾಗಿತ್ತು. ಮನೆಯಲ್ಲಿ, ಕೈ ತೊಳೆದು ಟಿವಿ ಮುಂದೆ ಕೂತು ಎದ್ದರೂ ಮೊಣಕೈಯಲ್ಲೇ ಎತ್ತಿಕೊಳ್ಳುವುದು. ನಮ್ಮ ಮನೆಯ ಯಾವ ಫೋಟೋದಲ್ಲೂ ಭಾವ ಸ್ಪಷ್ಟವಾಗಿಲ್ಲ. ಎಲ್ಲರೂ ನಗುತ್ತಾ ನಿಂತಿದ್ದರೆ ಪಕ್ಕದಲ್ಲಿ ಒಂದು ಮಸುಕು ನೆಗೆಯುತ್ತಿರುತ್ತದೆ.

ಇದು ಇಡೀ ಫ್ಯಾಕ್ಟರಿಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವರು ಭಾವ ಒಬ್ಬರೇ.

ಹೀಗಿರುವಾಗ ಒಂದು ಬೆಳಿಗ್ಗೆ ಯಜಮಾನರು ನಮ್ಮನ್ನೆಲ್ಲ ಬೂತಿನ ಮುಂದೆ ಸೇರಿಸಿದರು. ಬಣ್ಣ ಹೊಡೆಯಲು ರೋಬೋಟ್ ಬರುತ್ತಿದೆ ಎಂದರು. "ಮೊದಲು ಒಂದು ಟ್ರಯಲ್ ನೋಡೋಣ. ಸರಿಹೋದ್ರೆ ನಮ್ಮ ಕೈಗುಣ ಮೇಸ್ತ್ರಿಗೆ ಈ ಹೊಗೆ, ಈ ಘಾಟು ಎಲ್ಲ ತಪ್ಪುತ್ತೆ. ಎಷ್ಟು ದಿನ ಅಂತ ಮಾಸ್ಕ್ ಹಾಕ್ಕೊಂಡು ಕೆಮ್ಮೋದು? ಆರಾಮಾಗಿ ಪ್ಯಾಕಿಂಗಲ್ಲಿ ಇರ್ಲಿ. ಅಲ್ಲಿ ಅವರ ಭಾಮೈದನೇ ಇದಾನಲ್ಲ, ಎಲ್ಲ ಹೇಳ್ಕೊಡ್ತಾನೆ." ಯಜಮಾನರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಭಾವನ ಮುಖ ಪ್ರೈಮರ್ ಹೊಡೆದ ಹಾಗೆ ಬೂದಿ ಬಣ್ಣಕ್ಕೆ ತಿರುಗಿತು.

ನನ್ನ ಮುಖ ಹೇಗಾಯಿತೆಂದು ನಾನು ನೋಡಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ವೆಲ್ಡರು ಮೊಣಕೈಯಿಂದ ತಿವಿದು "ಹಲ್ಲು ಒಳಗಿಟ್ಕೋ" ಅಂದ. ಸುಳ್ಳು ಹೇಳಿ ಏನು ಪ್ರಯೋಜನ, ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಅವತ್ತೇ ಪ್ಯಾಕಿಂಗಿನ ಮೂಲೆಯಲ್ಲಿದ್ದ ಒಂದು ಸ್ಟೂಲನ್ನು ಒರೆಸಿ, ನನ್ನ ಮೇಜಿಗಿಂತ ಸ್ವಲ್ಪ ತಗ್ಗಿನಲ್ಲಿ ಹಾಕಿದೆ. ಭಾವ ಬಂದ ಮೊದಲ ದಿನ ಹೇಳಬೇಕಾದ ಮಾತನ್ನೂ ಸಿದ್ಧ ಮಾಡಿಕೊಂಡೆ: "ನಿಧಾನಕ್ಕೆ ಕಲೀರಿ ಭಾವ, ಎಲ್ಲರಿಗೂ ಒಂದೇ ಸಲಕ್ಕೆ ಬರಲ್ಲ." ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ದನಿಯಲ್ಲಿ ಕರುಣೆ ಇರಬೇಕು, ಆದರೆ ಜಾಸ್ತಿ ಇರಬಾರದು. ನನ್ನ ಹೆಂಡತಿ ಸ್ನಾನದ ಮನೆಯಿಂದ ತಲೆ ಹೊರಹಾಕಿ "ಯಾರ ಜೊತೆ ಮಾತಾಡ್ತಿದೀರ?" ಎಂದು ಕೇಳಿದಳು.

ಅಕ್ಕ ಫೋನ್ ಮಾಡಿ, "ಅವರು ಸರಿಯಾಗಿ ಊಟಾನೇ ಮಾಡ್ತಿಲ್ಲ ಕಣೋ. ನೀನಾದ್ರೂ ಒಂದು ಮಾತು ಹೇಳೋ" ಅಂದಳು. ಮರುದಿನ ಟೀ ಕುಡಿಯುವಾಗ ಪಕ್ಕಕ್ಕೆ ಹೋಗಿ ನಿಂತೆ.

"ಏನ್ ಭಾವ, ಸಪ್ಪಗಿದೀರ?"

"ನಿನ್ನ ಕೈಕೆಳಗೆ ಬರೋ ಬದಲು ಮನೇಲಿ ಕೂತ್ಕೋತೀನಿ."

"ಯಾಕೆ, ನಾನೇನು ಹುಲಿಯಾ, ಕರಡಿಯಾ?"

"ಅದಲ್ವೋ." ಅವರು ಟೀ ಲೋಟವನ್ನು ತಿರುಗಿಸುತ್ತಾ ನಿಂತರು. "ಆ ಗಾಜಿನಾಚೆ ನನ್ನ ಕೈಗುಣಾನ ಯಾರ್ ಕೇಳ್ತಾರೆ? ಸುಮ್ನೆ ಒಬ್ಬ ವಯಸ್ಸಾದೋನು, ಅಷ್ಟೇ."

ಅವರು ಹೀಗೆ ತಗ್ಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬಿಸ್ಕತ್ತು ಬೇಕಾ ಎಂದು ಕೇಳಿದೆ.

ರೋಬೋಟ್ ಬಂತು. ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ ಒಂದೇ ಒಂದು ತೋಳು, ತುದಿಯಲ್ಲಿ ಸ್ಪ್ರೇ ಗನ್. ಮುಖವಿಲ್ಲ, ಮೈಯಿಲ್ಲ. ಬಂದ ದಿನವೇ ನಮ್ಮವರು ಅದಕ್ಕೆ ತೋಳಪ್ಪ ಎಂದು ಹೆಸರಿಟ್ಟರು. ಭಾವ ಮಾತ್ರ ಅಪ್ಪನನ್ನು ಬಿಟ್ಟು ಬರೀ 'ತೋಳ' ಎನ್ನುತ್ತಿದ್ದರು. ಅದರ ಜೊತೆಗೆ ಬಾಗಿಲ ಚೌಕಟ್ಟಿನಂಥ ಒಂದು ಸ್ಕ್ಯಾನರ್ ಬಂತು. ಕೊಕ್ಕೆಯಲ್ಲಿ ನೇತಾಡುವ ಸಾಮಾನು ಅದರೊಳಗಿಂದ ಹಾಯುವಾಗ ಕೆಂಪು ಗೆರೆಯೊಂದು ಮೇಲಿಂದ ಕೆಳಗೆ ಓಡಾಡಿ, ಅದರ ಆಕಾರವನ್ನೆಲ್ಲ ಅಳೆದು ತೋಳಪ್ಪನಿಗೆ ಹೇಳುತ್ತದೆ. ಕುರ್ಚಿ ಬಂದರೆ ಕುರ್ಚಿಗೆ ತಕ್ಕಂತೆ, ಮಂಚ ಬಂದರೆ ಮಂಚಕ್ಕೆ ತಕ್ಕಂತೆ ತೋಳು ಆಡುತ್ತದೆ. ಇದನ್ನೆಲ್ಲ ಕೂಡಿಸಲು ಬಂದ ಎಂಜಿನಿಯರ್ ಹುಡುಗಿಯನ್ನು ನಾವು ಸ್ಕ್ಯಾನರ್ ಮೇಡಂ ಎಂದು ಕರೆಯತೊಡಗಿದೆವು. ಕೆಲಸದಲ್ಲಿ ಬಹಳ ಚುರುಕು, ಮಾತಿನಲ್ಲಿ ಬಹಳ ಮರ್ಯಾದೆ.

ಭಾವ ಮೊದಲ ದಿನ ಕೈ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಅಧಿಕಾರಿಯಂತೆ ಆ ಚೌಕಟ್ಟಿನೊಳಗಿಂದ ಹಾದುಹೋದರು. ಮೇಡಮ್ಮಿನ ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಒಂದು ಆಕೃತಿ ಮೂಡಿತು.

"ಇದ್ಯಾರು ಈ ಡುಮ್ಮ?" ಎಂದರು ಭಾವ.

"ನೀವೇ ಸರ್."

"ನಿಮ್ಮ ಮಿಷನ್ನು ಸರಿ ಇಲ್ಲ ಬಿಡಿ" ಎಂದು ಭಾವ ಸಮಾಧಾನದಿಂದ ಹೊರಬಂದರು.

ತೋಳಪ್ಪನಿಗೆ ಕಲಿಸುವ ಕೆಲಸವೂ ಭಾವನ ಪಾಲಿಗೇ ಬಂತು. ಅವರ ಮಣಿಕಟ್ಟಿಗೆ, ಮೊಣಕೈಗೆ, ಭುಜಕ್ಕೆ ಗುಂಡಿಯಂಥ ಬಿಲ್ಲೆಗಳನ್ನು ಕಟ್ಟಿದರು. ಅವರು ಎಂದಿನಂತೆ ಬಣ್ಣ ಹೊಡೆಯುತ್ತಾ ಹೋಗುವುದು, ಸುತ್ತಲಿನ ಕ್ಯಾಮೆರಾಗಳು ಆ ಬಿಲ್ಲೆಗಳ ಚಲನೆಯನ್ನು ಹಿಡಿದುಕೊಳ್ಳುವುದು. "ಗನ್ ನಿಮ್ಮ ಕೈಲಿ ಇರೋವರೆಗೂ ನೀವು ಏನೇನು ಮಾಡ್ತೀರೋ ಅದೆಲ್ಲ ಅದು ಕಲಿಯುತ್ತೆ ಸರ್" ಎಂದರು ಮೇಡಂ. "ಕಲೀಲಿ, ಕಲೀಲಿ. ಕೈಗುಣ ಒಂದ್ ಬಿಟ್ಟು" ಎಂದರು ಭಾವ. ಕುರ್ಚಿ ಹೊಡೆದರು, ಮೊಣಕೈ ಒತ್ತಿ ನೆಗೆದರು. ಬೆಂಚು ಹೊಡೆದರು, ನೆಗೆದರು. ಮಂಚ ಹೊಡೆದರು, ನೆಗೆದರು. ಗಾಜಿನಾಚೆ ನಿಂತು ನಾವೆಲ್ಲ ನೋಡಿದೆವು. ಅದರಲ್ಲಿ ನಮಗೆ ಹೊಸದೇನೂ ಕಾಣಲಿಲ್ಲವಾದ್ದರಿಂದ ಯಾರಿಗೂ ಏನೂ ಹೊಳೆಯಲಿಲ್ಲ.

ತೋಳಪ್ಪ ಮೊದಲ ಸಲ ತಾನೇ ಬಣ್ಣ ಹೊಡೆಯುವ ದಿನ ಬೂತಿನ ಸುತ್ತ ಜನವೋ ಜನ. ಯಜಮಾನರು ಮುಂದೆ ನಿಂತಿದ್ದರು. ಮೊದಲ ಕೊಕ್ಕೆಯಲ್ಲಿ ಒಂದು ಕುರ್ಚಿ ಬರಬೇಕಿತ್ತು. ಬಂದದ್ದು ಬಿಚ್ಚಿದ ಕೊಡೆ. ಭಾವನ ಸ್ವಂತ ಕೊಡೆ, ಎರಡು ಕಡ್ಡಿ ಮುರಿದದ್ದು. ಯಾರೂ ನೋಡದಾಗ ತಂದು ತೂಗುಹಾಕಿದ್ದರು.

"ಕುರ್ಚಿ ಯಾರ್ ಬೇಕಾದ್ರೂ ಹೊಡೀತಾರೆ. ಇದನ್ನ ಮಾಡ್ಲಿ ನೋಡೋಣ" ಎಂದು ಮೀಸೆಯ ಮೇಲೆ ಕೈಯಾಡಿಸಿದರು.

ಕೊಡೆ ಚೌಕಟ್ಟಿನೊಳಗೆ ಹಾಯಿತು. ಕೆಂಪು ಗೆರೆ ಒಮ್ಮೆ ಇಳಿಯಿತು, ಒಮ್ಮೆ ಹತ್ತಿತು. ತೋಳಪ್ಪ ಒಂದು ಕ್ಷಣ ಸುಮ್ಮನಿತ್ತು. ಭಾವ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಆಮೇಲೆ ತೋಳು ಎದ್ದಿತು ನೋಡಿ, ಕೊಡೆಯ ಹೊರಗೆ ಒಂದು ಸುತ್ತು, ಒಳಗೆ ಕಡ್ಡಿ ಕಡ್ಡಿಯ ಸಂದಿಗೆ, ಮುರಿದ ಕಡ್ಡಿಯ ಚೂಪು ತುದಿಗೆ, ಹಿಡಿಯ ಸೊಟ್ಟದೊಳಗೆ, ಎಲ್ಲೂ ಒಂದು ಹನಿ ಇಳಿಯದಂತೆ ಹಸಿರು ಬಣ್ಣ ಹೊಡೆದು ಮುಗಿಸಿತು. ಆ ಕೊಡೆ ಈಗಲೂ ನನ್ನ ಹತ್ತಿರವಿದೆ. ಮಡಿಸಲು ಬರುವುದಿಲ್ಲ, ಆದರೆ ನೋಡಲು ಬಹಳ ಚೆಂದ.

ಭಾವನ ಕೈ ಮೀಸೆಯಿಂದ ಕೆಳಗಿಳಿಯಿತು. ಮುಗಿಯಿತು, ಇನ್ನು ಇವರು ಪ್ಯಾಕಿಂಗಿಗೆ ಬಂದಂತೆಯೇ ಎಂದು ನಾನು ನನ್ನ ಸ್ಟೂಲಿನ ಬಗ್ಗೆ ಯೋಚಿಸುತ್ತಿದ್ದೆ. ಅಷ್ಟರಲ್ಲಿ ತೋಳಪ್ಪ ಗನ್ನನ್ನು ಪಕ್ಕಕ್ಕೆ ಸರಿಸಿತು. ಮೊಣಕೈಯಂಥ ಕೀಲನ್ನು ಒಳಕ್ಕೆ ಒತ್ತಿತು. ಕೊಂಚ ಕುಸಿಯಿತು. ಚಕ್ಕನೆ ಒಂದು ಸಣ್ಣ ನೆಗೆತದೊಂದಿಗೆ ಮೇಲೆದ್ದಿತು.

ವೆಲ್ಡರು ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಮಾತ್ರ ಕುಲುಕುತ್ತಿತ್ತು. ಮುಂದಿನ ಕೊಕ್ಕೆಯಲ್ಲಿ ಸ್ಟೂಲು ಬಂತು. ಹೊಡೆಯಿತು, ಸಣ್ಣದಾಗಿ ಎತ್ತಿಕೊಂಡಿತು. ಬೀರು ಬಂತು. ಹೊಡೆಯಿತು, ಬಹಳ ದೊಡ್ಡದಾಗಿ ಎತ್ತಿಕೊಂಡಿತು. ಸ್ಕ್ಯಾನರ್ ಹೇಳಿದ ಅಳತೆಗೆ ತಕ್ಕಂತೆ ಎಲ್ಲವನ್ನೂ ಹಿಗ್ಗಿಸಿ ಕುಗ್ಗಿಸಿಕೊಳ್ಳುವ ಯಂತ್ರವಲ್ಲವೇ ಅದು. ಸ್ಟೂಲಿಗೆ ಸಣ್ಣ ಪ್ಯಾಂಟು, ಬೀರುವಿಗೆ ದೊಡ್ಡ ಪ್ಯಾಂಟು.

ಮೇಡಂ ಪರದೆಯನ್ನು ಎರಡೆರಡು ಸಲ ನೋಡಿದರು. "ದೋಷ ಏನೂ ಇಲ್ಲ. ಇದು ನಿಮ್ಮಿಂದಾನೇ ಕಲಿತದ್ದು ಸರ್. ಪ್ರತಿಯೊಂದು ಪೀಸ್ ಆದ್ಮೇಲೂ ನೀವು ಇದನ್ನ ತಪ್ಪದೆ ಮಾಡಿದೀರಿ. ಏನ್ ಸರ್ ಇದು? ಏನಾದ್ರೂ ವಿಶೇಷ ವಿಧಾನವಾ?"

ಭಾವ ಬಾಯಿ ತೆರೆದುಕೊಂಡು ತೋಳಪ್ಪನನ್ನೇ ನೋಡುತ್ತಿದ್ದರು. "ನಾನು ಮಾಡಿದೀನಾ?"

"ಹೌದು ಸರ್. ಒಂದು ಸಲಾನೂ ಬಿಟ್ಟಿಲ್ಲ."

ಅವರ ಕಣ್ಣು ನಿಧಾನವಾಗಿ ಅಗಲವಾಯಿತು. ತಮ್ಮ ಬಲಗೈಯನ್ನು ಚಾಚಿ ನೋಡಿಕೊಂಡರು. "ಕೈಗುಣ" ಎಂದರು. "ಇದೇ ಮೇಡಂ ಕೈಗುಣ. ನನಗೇ ಗೊತ್ತಿರ್ಲಿಲ್ಲ ಅದು ಹೇಗಿರುತ್ತೆ ಅಂತ."

ನಾನು ಬಾಯಿ ತೆರೆದೆ. ನಾಲಿಗೆಯ ತುದಿಗೆ ಬಂದಿತ್ತು. 'ಕೈಗುಣ ಅಲ್ಲ ಭಾವ, ಪ್ಯಾಂಟು' ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಸೋಮವಾರದಿಂದ ನನ್ನ ಸ್ಟೂಲು. ಆದರೆ ಅವರು ಆ ತೋಳನ್ನು ನೋಡುತ್ತಿದ್ದರಲ್ಲ, ಹೆರಿಗೆ ಆಸ್ಪತ್ರೆಯಲ್ಲಿ ನಮ್ಮ ಅಕ್ಕನ ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ನೋಡಿದ್ದು ಹಾಗೇ. ನನ್ನ ಹೊಟ್ಟೆಯುರಿಗೂ ಒಂದು ಮಿತಿಯಿದೆ. ತೆರೆದ ಬಾಯಿಯನ್ನು ಆಕಳಿಕೆ ಮಾಡಿ ಮುಚ್ಚಿದೆ.

ಫ್ಯಾಕ್ಟರಿಯ ಉಳಿದವರೂ ಬಾಯಿಗೆ ಬೀಗ ಹಾಕಿಕೊಂಡರು. ಅವರದು ಕರುಣೆಯಲ್ಲ, ಇಷ್ಟು ಚೆಂದದ ತಮಾಷೆಯನ್ನು ಯಾರು ತಾನೇ ಕೈಯಾರೆ ಹಾಳುಮಾಡಿಕೊಳ್ಳುತ್ತಾರೆ?

ಯಜಮಾನರಿಗೆ ಬಹಳ ಹಿಡಿಸಿಬಿಟ್ಟಿತು. "ನೋಡ್ರೀ, ಕಲಿಸಿದ್ರೆ ಬರಲ್ಲ ಅಂತಿದ್ರು, ಬಂತಲ್ಲ! ಇಂಥ ಮನುಷ್ಯನ್ನ ಪ್ಯಾಕಿಂಗಿಗೆ ಹಾಕೋದುಂಟೇ? ಎರಡನೇ ರೋಬೋಟ್ ತರಿಸೋಣ, ಅದಕ್ಕೂ ಇವರೇ ಕಲಿಸ್ಲಿ" ಎಂದರು. ಭಾವ ಬೂತಿನಲ್ಲೇ ಉಳಿದರು. ನನ್ನ ಸ್ಟೂಲಿನ ಮೇಲೆ ಯಾರೋ ಟೇಪಿನ ಡಬ್ಬ ಇಟ್ಟರು.

ಆಮೇಲೆ ಭಾವನನ್ನು ಹಿಡಿಯುವವರೇ ಇಲ್ಲ. ಕುರ್ಚಿ ಕೊಳ್ಳಲು ಬಂದವರಿಗೆಲ್ಲ ಯಜಮಾನರು ಬೂತನ್ನು ತೋರಿಸುವುದು, ಭಾವ ಗಾಜಿನ ಮುಂದೆ ನಿಂತು ವಿವರಿಸುವುದು. "ಬಣ್ಣ ಹೊಡೆದ ತಕ್ಷಣ ಬಿಟ್ಟು ಹೋಗಬಾರದು ಸ್ವಾಮಿ. ಒಂದು ಕುಸಿತ, ಒಂದು ಎತ್ತು. ಬಣ್ಣಕ್ಕೆ ಅಲ್ಲಿ ಕೂರೋಕೆ ಮನಸ್ಸು ಬರೋದೇ ಆಗ." ಕೇಳಿದವರು ತಲೆದೂಗಿ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದರು. ಸ್ಕ್ಯಾನರ್ ಮೇಡಂ ತಮ್ಮ ಕಂಪ್ಯೂಟರಿನಲ್ಲಿ ಆ ಚಲನೆಗೆ 'ಕೈಗುಣ' ಎಂದೇ ಹೆಸರು ಕೊಟ್ಟಿದ್ದರು. ಎರಡನೆಯ ತೋಳು ಬಂದ ಮೇಲಂತೂ ಎರಡೂ ಎದುರುಬದುರಾಗಿ ನಿಂತು, ಒಂದೊಂದು ಬೀರುವಿಗೂ ಒಟ್ಟಿಗೇ ಕುಸಿದು ಒಟ್ಟಿಗೇ ಎತ್ತಿಕೊಳ್ಳುತ್ತಿದ್ದವು. ಊಟದ ಹೊತ್ತಿನಲ್ಲಿ ನಾವು ಡಬ್ಬಿ ಹಿಡಿದುಕೊಂಡು ಅಲ್ಲೇ ಹೋಗಿ ಕೂರುತ್ತಿದ್ದೆವು. ನನ್ನ ಮನಸ್ಸಿನಲ್ಲಿ ಮಾತ್ರ ಸಣ್ಣದೊಂದು ಭಯ ಕೂತಿತ್ತು. ಇದು ಎಂದಾದರೂ ಒಡೆದೇ ಒಡೆಯುತ್ತದೆ, ಆಗ ಈ ಮನುಷ್ಯ ಎಲ್ಲಿಗೆ ಹೋಗಿ ಮುಖ ಇಟ್ಟುಕೊಳ್ಳುತ್ತಾರೆ?

ಎರಡನೆಯ ತೋಳು ಸರಿಯಾಗಿ ಕೆಲಸ ಶುರುಮಾಡಿದ ಖುಷಿಗೆ ಯಜಮಾನರು ಒಂದು ದಿನ ಎಲ್ಲರ ಮನೆಯವರನ್ನೂ ಫ್ಯಾಕ್ಟರಿಗೆ ಕರೆದರು. ಭಾವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. "ಅಕ್ಕನಿಗೆ ಮಂಡಿ ನೋವಲ್ವಾ, ಇಷ್ಟು ದೂರ ಯಾಕೆ ಭಾವ?" ಎಂದು ನಾನು ಶತಾಯಗತಾಯ ತಡೆಯಲು ನೋಡಿದೆ. "ಹೊಟ್ಟೆಕಿಚ್ಚು ಕಣೋ ನಿಂಗೆ" ಎಂದು ನಕ್ಕು ಅವಳನ್ನು ಕರೆತಂದೇಬಿಟ್ಟರು. ಅಕ್ಕ ಒಳ್ಳೆಯ ಬಟ್ಟೆ ಹಾಕಿಕೊಂಡು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಗಾಜಿನ ಎದುರಿಗೇ ಕೂತಳು. ಯಜಮಾನರು ಎದ್ದು ನಿಂತು, "ಇದು ನಮ್ಮ ಮೇಸ್ತ್ರಿಯ ಆಯುಷ್ಯದ ಕೈಗುಣ. ಎಲ್ಲರೂ ನೋಡಿ" ಎಂದು ಸ್ವಿಚ್ಚು ಒತ್ತಿಸಿದರು.

ಬೀರು ಬಂತು. ಎರಡೂ ತೋಳುಗಳು ಬಣ್ಣ ಹೊಡೆದವು, ಕುಸಿದವು, ನೆಗೆದವು.

"ಅಯ್ಯೋ!" ಅಕ್ಕ ಕೈಚೀಲ ಸಹಿತ ಎದ್ದು ನಿಂತಳು. "ರೀ, ನೋಡ್ರೀ ಅಲ್ಲಿ! ಥೇಟ್ ನಿಮ್ಮ ಹಾಗೇ ಪ್ಯಾಂಟ್ ಎತ್ಕೊಳ್ತಿವೆ, ಎರಡೂ!"

ಯಜಮಾನರು ತೋಳಪ್ಪನ ಕಡೆ ನೋಡಿದರು, ಭಾವನ ಕಡೆ ನೋಡಿದರು.

"ಏನೇ ಹೇಳ್ತಿದೀಯ? ನಾನೆಲ್ಲಿ ಹಾಗ್ ಮಾಡ್ತೀನಿ?" ಎಂದು ಭಾವ ಕುರ್ಚಿಯಿಂದೆದ್ದರು. ಎದ್ದವರೇ ಎರಡೂ ಮೊಣಕೈಗಳನ್ನು ಸೊಂಟಕ್ಕೆ ಒತ್ತಿ, ಕೊಂಚ ಕುಸಿದು, ಚಕ್ಕನೆ ನೆಗೆದು ಎತ್ತಿಕೊಂಡರು. ಗಾಜಿನಾಚೆ ಅದೇ ಹೊತ್ತಿಗೆ ಎರಡು ತೋಳುಗಳೂ ಇನ್ನೊಂದು ಬೀರುವಿಗೆ ಎತ್ತಿಕೊಂಡವು.

ಇಷ್ಟು ದಿನ ತಡೆದಿಟ್ಟ ನಗುವೆಲ್ಲ ಒಮ್ಮೆಗೇ ಕಟ್ಟೆಯೊಡೆಯಿತು. ವೆಲ್ಡರು ನೆಲಕ್ಕೆ ಕೂತುಬಿಟ್ಟ. ಯಜಮಾನರು ಕಣ್ಣೊರೆಸಿಕೊಳ್ಳುತ್ತಾ "ಬೀರುವಿಗೆ... ಬೀರುವಿಗೆ ದೊಡ್ಡದು!" ಎನ್ನುತ್ತಿದ್ದರು. ಭಾವ ತಮ್ಮ ಮೊಣಕೈಗಳನ್ನು ನೋಡಿಕೊಂಡರು, ಮೊದಲು ಎಡ, ಆಮೇಲೆ ಬಲ. ಅವು ಇನ್ನೂ ಸೊಂಟದ ಮೇಲೇ ಇದ್ದವು. ಅವರ ಮುಖ ನೋಡಿ ನನಗೆ ನಗು ಬರಲಿಲ್ಲ. ಬರಬೇಕಿತ್ತು, ಬರಲಿಲ್ಲ.

ಅಕ್ಕನಿಗೆ ತಾನೇನು ಮಾಡಿದೆನೆಂದು ಆಗ ತಿಳಿಯಿತು. ಅವಳು ಯಜಮಾನರ ಕಡೆಗೇ ತಿರುಗಿದಳು. "ನಗೋದೇನಿದೆ ಇದ್ರಲ್ಲಿ? ಕೈ ತುಂಬ ನಿಮ್ಮ ಬಣ್ಣ. ಬೆಲ್ಟ್ ಬೇಡ ಅಂದೋರೂ ನೀವೇ. ಇನ್ನ್ ಹೇಗ್ ಎತ್ಕೋಬೇಕಿತ್ತು ಅವರು? ಆ ಮಿಷನ್ನಿಗೆ ಮುಖ ಇಲ್ಲ, ಮೂತಿ ಇಲ್ಲ, ಆದ್ರೂ ನಮ್ಮನೆಯವರೇ ಅಂತ ನನಗೆ ಗೊತ್ತಾಯ್ತು. ಅಷ್ಟು ವರ್ಷ ಅವರು ಅದನ್ನೇ ಮಾಡ್ಕೊಂಡು ದುಡಿದಿದಾರೆ."

ಯಜಮಾನರ ನಗು ಅಲ್ಲಿಗೇ ನಿಂತಿತು. ಎಲ್ಲರೂ ನೆಲ ನೋಡತೊಡಗಿದರು. ಸ್ಕ್ಯಾನರ್ ಮೇಡಂ ಮೆಲ್ಲಗೆ ಭಾವನ ಹತ್ತಿರ ಬಂದರು. ಅವರೊಬ್ಬರೇ ನಕ್ಕಿರಲಿಲ್ಲ.

"ಅದನ್ನ ತೆಗೀಲಾ ಸರ್? ನೀವು ಹೇಳಿದ್ರೆ ಮಾತ್ರ."

ಭಾವ ಗಾಜಿನೊಳಗೆ ನೋಡಿದರು. "ತೆಗೀರಿ ಮೇಡಂ" ಎಂದರು. "ಅದಕ್ಕೇನು, ಪ್ಯಾಂಟಿಲ್ಲ."

ಮೇಡಂ ಒಂದು ಗುಂಡಿ ಒತ್ತಿದರು. ಮುಂದಿನ ಬೀರುವಿಗೆ ತೋಳುಗಳು ಬಣ್ಣ ಹೊಡೆದು, ಕುಸಿಯದೆ, ನೆಗೆಯದೆ, ನೇರವಾಗಿ ಅದರಾಚೆಯ ಬೀರುವಿಗೆ ಹೋದವು. ಬಣ್ಣ ಅಷ್ಟೇ ಚೆನ್ನಾಗಿತ್ತು. ಕೆಲಸ ಇನ್ನೂ ಬೇಗ ಆಗುತ್ತಿತ್ತು. ಯಜಮಾನರಾಗಲಿ, ಭಾವನಾಗಲಿ ಬೇರೇನೂ ಹೇಳಬೇಕಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಭಾವ ಪ್ಯಾಕಿಂಗಿಗೆ ಬಂದರು. ಇಸ್ತ್ರಿ ಮಾಡಿದ ಪ್ಯಾಂಟು, ಅದಕ್ಕೆ ಅಕ್ಕ ತಂದುಕೊಟ್ಟ ಹೊಸ ಬೆಲ್ಟು. ನೇರ ನನ್ನ ಮೇಜಿನ ಮುಂದೆ ಬಂದು ನಿಂತು, ಎಲ್ಲರಿಗೂ ಕೇಳಿಸುವಂತೆ ಹೇಳಿದರು:

"ಏನ್ ಮಾಡ್ಬೇಕು ಹೇಳಿ, ಸಾರ್."

ಆ 'ಸಾರ್' ಎದೆಗೆ ನಾಟಿತು. ಇಷ್ಟು ವರ್ಷ ಕಾದದ್ದು ಇದಕ್ಕೇ ತಾನೆ? ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಮಾತು ಗಂಟಲಲ್ಲೇ ಉಳಿಯಿತು. "ಸುಮ್ನಿರಿ ಭಾವ, ಯಾರಿಗೆ ಸಾರ್" ಎಂದು ಸ್ಟೂಲಿನ ಮೇಲಿದ್ದ ಟೇಪಿನ ಡಬ್ಬ ತೆಗೆದೆ. ಅದು ತಗ್ಗಾಗಿ ಕಂಡಿತು. ನನ್ನ ಕುರ್ಚಿಯನ್ನೇ ಅವರ ಕಡೆ ಸರಿಸಿ, ಸ್ಟೂಲಿನ ಮೇಲೆ ನಾನು ಕೂತೆ.

ಒಲೆಯ ಕಡೆಯಿಂದ ಮೊದಲ ಕುರ್ಚಿ ಬಂತು. ಭಾವ ಅಭ್ಯಾಸಬಲದಿಂದ ಅದನ್ನು ತಲೆಕೆಳಗು ಮಾಡಿ, ಕೂರುವ ಹಲಗೆಯ ಅಡಿಭಾಗದ ಮೂಲೆಗಳನ್ನೆಲ್ಲ ಬೆರಳಿಂದ ತಡವಿ ನೋಡಿದರು. "ಪರವಾಗಿಲ್ಲ ಕಳ್ಳ, ಚೆನ್ನಾಗೇ ಮಾಡಿದಾನೆ" ಎಂದರು. ದನಿಯಲ್ಲಿ ಒಂಚೂರು ಹೆಮ್ಮೆ ಇತ್ತು, ಒಂಚೂರು ನೋವೂ ಇತ್ತು. ಆಮೇಲೆ ಕಾಗದ ಸುತ್ತಲು ಹೊರಟರು. ಅಬ್ಬಾ! ರಟ್ಟು ಒಂದು ಕಡೆ, ಕುರ್ಚಿ ಇನ್ನೊಂದು ಕಡೆ, ಟೇಪು ಅವರ ಅಂಗಿಯ ತೋಳಿಗೆ. ಹುರಿಯ ಗಂಟನ್ನು ಮುಟ್ಟುವ ಮೊದಲೇ ಅದು ಬಿಚ್ಚಿಕೊಂಡಿತು.

"ಕೊಡಿ ಇಲ್ಲಿ" ಎಂದು ಹೇಳುವಷ್ಟು ಧೈರ್ಯವೂ ನನಗೆ ಬರಲಿಲ್ಲ, ಸುಮ್ಮನೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು, "ಹೀಗೆ ಭಾವ. ನಾನು ಮಾಡೋದನ್ನ ನೋಡ್ತಾ ಹಾಗೇ ಮಾಡಿ" ಎಂದೆ. ರಟ್ಟು ಮಡಿಸಿದೆ, ಮಡಿಸಿದರು. ಮೂಲೆ ಒತ್ತಿದೆ, ಒತ್ತಿದರು. ಹುರಿ ಸುತ್ತಿ, ಬಿಗಿದು, ಕುಣಿಕೆಯೊಳಗೆ ತೂರಿಸಿ ಗಂಟು ಹಾಕಿದೆ. ಭಾವ ನನ್ನನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಸುತ್ತಿ, ಬಿಗಿದು, ತೂರಿಸಿ ಗಂಟು ಹಾಕಿದರು. ಗಂಟು ಗಟ್ಟಿಯಾಗಿ ಕೂತಿತು. ನಾನು ಭೇಷ್ ಅನ್ನಬೇಕೆಂದು ತಲೆಯೆತ್ತಿದೆ.

ಭಾವನ ನಾಲಿಗೆ ಬಾಯಿಂದ ಹೊರಗೆ, ಎಡಕ್ಕೆ ಸೊಟ್ಟಗೆ ಮಡಚಿಕೊಂಡು, ಮೇಲಿನ ತುಟಿಗೆ ಅಂಟಿಕೊಂಡಿತ್ತು.

"ಭಾವ, ನಾಲಿಗೆ ಯಾಕೆ ಹೊರಗೆ ಹಾಕಿದೀರ?"

"ನೀನು ಹಾಕಿದೀಯಲ್ಲ."

"ನಾನಾ? ನಾನೆಲ್ಲಿ ಹಾಕಿದೀನಿ?"

"ಗಂಟು ಹಾಕೋವಾಗೆಲ್ಲ ಹಾಕ್ತೀಯ. ಈಗಷ್ಟೇ ಹಾಕಿದ್ದೆ. ಅದು ಕೈಗುಣ ಇರ್ಬೇಕು ಅಂತ ನಾನೂ ಹಾಕಿದೆ" ಎಂದರು ಭಾವ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ನಾನು ನನ್ನ ಕೈಕೆಳಗಿನವರ ಕಡೆ ತಿರುಗಿದೆ. ಒಬ್ಬ ಸೂರು ನೋಡುತ್ತಿದ್ದ. ಒಬ್ಬಳು ಟೇಪಿನ ತುದಿ ಹುಡುಕುತ್ತಿದ್ದಳು. ಇನ್ನೊಬ್ಬ ಗೋಡೆಯ ಕಡೆ ತಿರುಗಿ ನಿಂತಿದ್ದ. ಅವನ ಬೆನ್ನು ಮಾತ್ರ ಕುಲುಕುತ್ತಿತ್ತು.

"ಎಷ್ಟು ದಿನದಿಂದ?" ಎಂದು ಕೇಳಿದೆ.

ಭಾವ ಕುರ್ಚಿಯಿಂದೆದ್ದು, ಹೊಸ ಬೆಲ್ಟಿನ ಮೇಲೇ ಮೊಣಕೈ ಒತ್ತಿ ಒಮ್ಮೆ ಎತ್ತಿಕೊಂಡು, ನನ್ನ ಬೆನ್ನು ತಟ್ಟಿದರು.

"ಇರ್ಲಿ ಬಿಡೋ ಕಾಗದ. ಇನ್ನೊಂದ್ಸಲ ತೋರ್ಸು. ನಾಲಿಗೆ ಎಡಕ್ಕಾ, ಬಲಕ್ಕಾ, ಅದೊಂದು ಸರಿಯಾಗಿ ನೋಡ್ಲಿಲ್ಲ."